ಹೂತಿಡಬೇಡಿ, ದುಡಿಸಿ: ಕ್ರೈಸ್ತ ಕುಟುಂಬಗಳಿಗೆ ಏಳು ಸೂತ್ರಗಳು

ತಲಾಂತುಗಳ ಸಾಮ್ಯ ಸಂಡೇ ಸ್ಕೂಲಿನ ಮಕ್ಕಳಿಗೂ ಗೊತ್ತು. ಐದು ತಲಾಂತು ಪಡೆದವನು ದುಡಿಸಿದ, ಎರಡು ಪಡೆದವನೂ ದುಡಿಸಿದ, ಒಂದು ಪಡೆದವನು ಹೆದರಿ ನೆಲದಲ್ಲಿ ಹೂತಿಟ್ಟ. ಆದರೆ ಎರಡರವನಿಗೂ ಐದರವನಿಗೂ ಯಜಮಾನ ಹೇಳಿದ ಮೆಚ್ಚುಗೆ ಒಂದೇ ಎಂಬುದು ನಮ್ಮ ಪ್ರಸಂಗಗಳಲ್ಲಿ ಅಷ್ಟಾಗಿ ಬರುವುದಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಸಣ್ಣ ಸಭೆಗಳಲ್ಲಿ ಹೆಚ್ಚಿನವರು ಎರಡು ತಲಾಂತಿನವರೇ. ಈ ಸೂತ್ರಗಳು ಅವರಿಗಾಗಿ.

1. ಕಸುಬೂ ವರವೇ ಎಂದು ಒಪ್ಪಿಕೊಳ್ಳಿ

ಚೆನ್ನಾಗಿ ಹಾಡುವವರು, ಪ್ರಾರ್ಥನೆ ಮಾಡುವವರು, ಬೋಧಿಸುವವರು ಮಾತ್ರ ವರ ಪಡೆದವರು ಎಂಬ ಎಣಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ವಿಮೋಚನಕಾಂಡ ಓದಿ. ದೇವರಾತ್ಮ ತುಂಬಿದವನೆಂದು ಅಲ್ಲಿ ಹೆಸರು ಹಿಡಿದು ಹೇಳಿರುವುದು ಬೆಚಲೇಲನನ್ನು. ಅವನು ಪ್ರವಾದಿಯಲ್ಲ, ಲೋಹ, ಕಲ್ಲು, ಮರದ ಕೆಲಸ ಬಲ್ಲ ಕುಶಲಕರ್ಮಿ. ನೇಯ್ಗೆಯೂ ಅವನಿಗೆ ಬರುತ್ತಿತ್ತು. ದೊಡ್ಡಬಳ್ಳಾಪುರದಲ್ಲಿ ಕೆಟ್ಟ ಮಗ್ಗ ಸರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನು ಬೇಕು? ಯೊಪ್ಪದ ದೊರ್ಕ ತೀರಿಕೊಂಡಾಗ ವಿಧವೆಯರು ಪೇತ್ರನ ಮುಂದೆ ಅಳುತ್ತಾ ತೋರಿಸಿದ್ದೂ ಅವಳು ಹೊಲಿದುಕೊಟ್ಟ ಬಟ್ಟೆಗಳನ್ನೇ.

2. ಚೀಟಿ ಬರೆದು ಕೊಡಿ

‘ಏನಾದರೂ ಇದ್ದರೆ ಹೇಳಿ’ ಎಂದರೆ ಯಾರೂ ಹೇಳುವುದಿಲ್ಲ. ಏನು, ಯಾವ ದಿನ, ಎಷ್ಟು ಹೊತ್ತು ಎಂದು ಬರೆದು ಸಭಾಪಾಲಕರ ಕೈಗೆ ಕೊಡಿ. ‘ಎರಡನೇ ಶನಿವಾರ, ಬೆಳಿಗ್ಗೆ ಎರಡು ಗಂಟೆ ಹೊತ್ತು ವೈರಿಂಗ್ ಕೆಲಸ.’ ‘ಭಾನುವಾರ ಆರಾಧನೆ ಮುಗಿದ ಮೇಲೆ ಅರ್ಜಿ ತುಂಬಿಕೊಡುತ್ತೇನೆ.’ ಪಹಣಿಯಲ್ಲಿ ಹೆಸರು ತಪ್ಪಿದ ರೈತರು, ವೃದ್ಧಾಪ್ಯ ವೇತನಕ್ಕಾಗಿ ನಾಡಕಚೇರಿಗೆ ಅಲೆಯುವ ಅಜ್ಜಿಯರು ಎಲ್ಲ ಊರಲ್ಲೂ ಇದ್ದಾರೆ. ಕಂಪ್ಯೂಟರ್ ಬಲ್ಲ ಒಬ್ಬ ಹುಡುಗಿ ಜೊತೆಗೆ ಕೂತರೆ ಅವರ ಅರ್ಧ ಅಲೆದಾಟ ತಪ್ಪುತ್ತದೆ.

3. ಎದುರಿನವರ ಕೊರತೆಯಿಂದ ಶುರುಮಾಡಿ

ನಮಗೆ ಕೊಡಲು ಇಷ್ಟವಾದದ್ದು ಬೇರೆ, ಅವರಿಗೆ ಬೇಕಾದದ್ದು ಬೇರೆ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯ ಊರೂರುಗಳಲ್ಲಿ ಮಕ್ಕಳು ಅನಾಥರಾದರು. ಕಥೋಲಿಕ ಪಾದ್ರಿಗಳು ಅವರಿಗೆ ಗಂಜಿ ಹಾಕಿ ಸುಮ್ಮನಾಗಲಿಲ್ಲ. ಬೆಳೆದ ಮೇಲೆ ಉಳುಮೆ ಮಾಡಿ ಬದುಕಲೆಂದು ಅವರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿದರು. ಆಗ ನೆಲಮಂಗಲ ತಾಲ್ಲೂಕಿಗೆ ಸೇರಿದ್ದ ಸಿಲುವೇಪುರ ಅಂಥದ್ದೊಂದು ಊರು.

ಮಂಗಳೂರಿನ ಬಾಸೆಲ್ ಮಿಷನ್‌ಗೂ ಇಂಥದೇ ಪ್ರಶ್ನೆ ಎದುರಾಗಿತ್ತು. ಕ್ರೈಸ್ತರಾದವರನ್ನು ಜಾತಿಯವರು ಹೊರಗಿಟ್ಟಾಗ ಅವರ ಕಸುಬೂ ಕೈತಪ್ಪುತ್ತಿತ್ತು. ಮಿಷನ್ ನೇಯ್ಗೆ ಶುರುಮಾಡಿತು, ಮುದ್ರಣಾಲಯ ನಡೆಸಿತು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಕೂಲಿ ಹುಟ್ಟಿತು, ಕರಾವಳಿಯ ಮನೆಗಳಿಗೆ ಮಾಡೂ ಬಂತು. ಇಂದು ಹೊಸಕೋಟೆಯ ಗೋದಾಮುಗಳಲ್ಲಿ ರಾತ್ರಿ ಪಾಳಿ ಮಾಡುವ ತಾಯಂದಿರಿಗೆ ಏನು ಬೇಕು? ಮಗುವನ್ನು ನೋಡಿಕೊಳ್ಳುವವರು ಬೇಕು. ಕೇಳಿದರೆ ಅವರೇ ಹೇಳುತ್ತಾರೆ. ದಯವಿಟ್ಟು ಮೊದಲು ಕೇಳಿ.

4. ಇನ್ನೊಬ್ಬರಿಗೆ ಕಲಿಸಿ

ಹೆಬ್ಬಾಳದಲ್ಲಿ ಬ್ಯಾಪ್ಟಿಸ್ಟ್ ಆಸ್ಪತ್ರೆ ತೆರೆದದ್ದು 1973ರಲ್ಲಿ. ಮರುವರ್ಷ ಅಮೆರಿಕದಿಂದ ಶಸ್ತ್ರಚಿಕಿತ್ಸಕಿ ರೆಬೆಕಾ ಆ್ಯನ್ ನೇಯ್ಲರ್ ಬಂದರು. ಎಷ್ಟು ಕುಶಲರಾದರೂ ಅವರಿಗಿದ್ದದ್ದು ಎರಡೇ ಕೈ. ಮುಂದೆ ಅಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು, ಅದಕ್ಕೆ ಅವರ ಹೆಸರನ್ನೇ ಇಟ್ಟರು. ಅಲ್ಲಿ ಕಲಿತ ದಾದಿಯರ ಕೈಗಳನ್ನು ಎಣಿಸಿ ನೋಡಿ, ಕಲಿಸುವುದರ ಬೆಲೆ ಗೊತ್ತಾಗುತ್ತದೆ. ನೀವು ಕೀಬೋರ್ಡ್ ನುಡಿಸುತ್ತೀರಾ? ಈ ವರ್ಷವೇ ಇಬ್ಬರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

5. ಸಣ್ಣದನ್ನು ಬಿಡದೆ ಕೊಡಿ

ಮಿಜೋರಾಂನ ಕ್ರೈಸ್ತ ಹೆಂಗಸರು ಅಡುಗೆಗೆ ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿ ಸಭೆಗೆಂದು ಎತ್ತಿಡುತ್ತಾರೆ. 1910ರಿಂದ ನಡೆದುಬಂದ ಪದ್ಧತಿ ಇದು. ವರ್ಷಕ್ಕೊಮ್ಮೆ ಸುಗ್ಗಿ ಹಬ್ಬದ ಹರಾಜಿನಲ್ಲಿ ಜೋರಾಗಿ ಕೂಗಿ ಕೊಡುವ ಸಾವಿರ ರೂಪಾಯಿಗಿಂತ ದಿನದಿನದ ಹಿಡಿ ಅಕ್ಕಿಯ ಮೇಲೆ ನನಗೆ ನಂಬಿಕೆ ಹೆಚ್ಚು.

6. ಹಣ ಇದ್ದಲ್ಲಿ ಇಬ್ಬರಿರಲಿ, ಲೆಕ್ಕ ಎಲ್ಲರಿಗೂ ಕಾಣಲಿ

ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಅಪೊಸ್ತಲ ಪೌಲನು ಒಬ್ಬನೇ ಒಯ್ಯಲು ಒಪ್ಪಲಿಲ್ಲ. ಸಭೆಗಳೇ ಆರಿಸಿದವರು ಜೊತೆಗಿರಬೇಕು, ಯಾರೂ ಬೆರಳು ತೋರಿಸುವಂತಾಗಬಾರದು ಎಂಬ ಎಚ್ಚರ ಅವನದು. ಪೌಲನಿಗೇ ಬೇಕಾದ ಎಚ್ಚರ ನಮಗೆ ಬೇಡವೇ? ಕಾಣಿಕೆ ಎಣಿಸಲು ಇಬ್ಬರು ಕೂರಲಿ, ತಿಂಗಳ ಲೆಕ್ಕ ಬಾಗಿಲ ಬಳಿ ಅಂಟಿಸಿರಲಿ.

ಜೊತೆಗೆ ಇನ್ನೊಂದು ಮಾತನ್ನೂ ಹೇಳಲೇಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ ತೆರೆದ ಮೇಲೆ ಸುತ್ತಲಿನ ಭೂಮಿಯ ಬೆಲೆ ಏರುತ್ತಲೇ ಇದೆ. ಜಮೀನು ಕೊಟ್ಟು ಹಣ ಪಡೆದ ಮನೆಗೆ ಸಭೆಯವರು ಮೊದಲು ಹೋಗಬೇಕಾದದ್ದು ಕಾಣಿಕೆ ಕೇಳುವುದಕ್ಕಲ್ಲ. ಆ ಹಣದಲ್ಲಿ ಮಕ್ಕಳ ಓದಿಗೆಷ್ಟು, ಮುಂದಿನ ದುಡಿಮೆಗೆಷ್ಟು ಎಂದು ಕೂತು ಲೆಕ್ಕ ಹಾಕಿಕೊಡುವುದಕ್ಕೆ. ಬ್ಯಾಂಕಿನಲ್ಲಿ ಕೆಲಸ ಮಾಡಿದ ಹಿರಿಯರು ಸಭೆಯಲ್ಲಿದ್ದರೆ ಅವರ ವರಕ್ಕೆ ಇದೇ ಸಮಯ. ಗುಡಿಗೆ ಹೊಸ ಕಮಾನು ಆಮೇಲೆ ಕಟ್ಟಬಹುದು.

7. ಕಾಂಪೌಂಡ್ ದಾಟಿಸಿ

1853ರಲ್ಲಿ ಮಂಗಳೂರಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್‌ಗೆ ಇದ್ದ ವರ ಭಾಷೆ. ಅವರು ಅದನ್ನು ಸಭೆಯ ಕೀರ್ತನೆಗಳಿಗಷ್ಟೇ ಮೀಸಲಿಡಲಿಲ್ಲ. ನಾಗವರ್ಮನ ಛಂದೋಗ್ರಂಥ, ಕೇಶಿರಾಜನ ಶಬ್ದಮಣಿದರ್ಪಣ ಇವನ್ನೆಲ್ಲ ಶ್ರದ್ಧೆಯಿಂದ ಸಂಪಾದಿಸಿದರು. ದಶಕಗಳ ದುಡಿಮೆಯ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂತು. ಸುಮಾರು 70,000 ಪದಗಳ ಆ ಪುಸ್ತಕವನ್ನು ಕನ್ನಡ ಓದುವವರು, ಯಾವ ಧರ್ಮದವರಾದರೂ, ಇಂದಿಗೂ ತೆರೆಯುತ್ತಾರೆ.

ನಿಮ್ಮ ಸಭೆಯ ಸಂಜೆ ಟ್ಯೂಷನ್‌ಗೂ ಬೀದಿಯ ಎಲ್ಲ ಮಕ್ಕಳು ಬರಲಿ. ಯಾರನ್ನೂ ಪ್ರಾರ್ಥನೆಗೆ ಬಾ ಎಂದು ಒತ್ತಾಯಿಸಬೇಡಿ. ಹಾಜರಿ ಪುಸ್ತಕದಲ್ಲಿ ಹೆಸರು, ತರಗತಿ, ಮನೆಯವರ ಫೋನ್ ನಂಬರು ಇಷ್ಟಿದ್ದರೆ ಸಾಕು.