ಆತ್ಮಕಥನ, ಯಂತ್ರಾವಲಂಬನೆ ಮತ್ತು ಬಾಳಿನ ಅರ್ಥ: ಚಿಕ್ಕಬಳ್ಳಾಪುರ ಸೀಮೆಯ ನಾಲ್ಕು ನಿದರ್ಶನಗಳು

ಪ್ರವೇಶ

ಸುಮಾರು ಎರಡು ದಶಕಗಳ ಹಿಂದೆ ಚಿಂತಾಮಣಿ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ತತ್ವಪದಗಳನ್ನು ಸಂಗ್ರಹಿಸುವ ಕ್ಷೇತ್ರಕಾರ್ಯವನ್ನು ನಾನು ಕೈಗೊಂಡಿದ್ದೆ. ಹಾಡಿದ ಪದಗಳನ್ನು ಮೊದಲು ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಗಣಕಯಂತ್ರದಲ್ಲಿ ಅಚ್ಚುಮಾಡಿ, ಪ್ರತಿ ಪದಕ್ಕೂ ನನ್ನ ಅನಿಸಿಕೆಗಳನ್ನು ದಿನಚರಿಯಂತೆ ಸೇರಿಸುತ್ತಿದ್ದೆ. ಅಚ್ಚಾಯಿತೆಂಬ ಧೈರ್ಯದಿಂದ ನೋಟ್‌ಪುಸ್ತಕವನ್ನು ಅಟ್ಟದ ಮೇಲೆ ಹಾಕಿದೆ. ಕೆಲವು ವರ್ಷಗಳ ತರುವಾಯ ಹೊಸ ಯಂತ್ರದಲ್ಲಿ ಆ ಕಡತಗಳನ್ನು ತೆರೆದಾಗ ಕನ್ನಡ ಅಕ್ಷರಗಳ ಸ್ಥಾನದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲುಗಳಿದ್ದವು. ಯೂನಿಕೋಡ್ ಸಂಕೇತವ್ಯವಸ್ಥೆಯಲ್ಲಿ 1991ರಷ್ಟು ಹಿಂದೆಯೇ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ, ನಾವೆಲ್ಲ ಬಹುಕಾಲ ಬಳಸಿದ್ದು ಆಯಾ ತಂತ್ರಾಂಶದ ಅಕ್ಷರಶೈಲಿಗೆ ಕಟ್ಟುಬಿದ್ದ ಸಂಕೇತಗಳನ್ನು. ಆ ಅಕ್ಷರಶೈಲಿ ಇಲ್ಲದ ಕಡೆ ಬರೆಹವೂ ಇಲ್ಲವಾಗುತ್ತದೆ. ಈ ಅನುಭವ ನನ್ನೊಬ್ಬನದಲ್ಲ. ಆ ಕಾಲದಲ್ಲಿ ಮಹಾಪ್ರಬಂಧ ಸಿದ್ಧಪಡಿಸಿದ ಅನೇಕರು ಇದನ್ನು ಬಲ್ಲರು. ಪರಿವರ್ತಕ ತಂತ್ರಾಂಶಗಳು ಬಂದಮೇಲೆ ಕೆಲವು ಕಡತಗಳು ಮರಳಿ ದೊರೆತವು. ನನ್ನ ದಿನಚರಿ ದೊರೆಯಲಿಲ್ಲ.

ನಷ್ಟವಾದುದು ಬರೆಹ ಮಾತ್ರವೆಂದು ಮೊದಲು ಭಾವಿಸಿದ್ದೆ. ಆದರೆ ಅಲ್ಲಿ ಏನು ಬರೆದಿದ್ದೆನೆಂಬುದೂ ನೆನಪಿಗೆ ಬಾರದಿದ್ದಾಗ, ನೆನಪಿಟ್ಟುಕೊಳ್ಳುವ ಕೆಲಸವನ್ನೇ ನಾನು ಯಂತ್ರಕ್ಕೆ ವಹಿಸಿಬಿಟ್ಟಿದ್ದೆನೆಂಬುದು ಅರಿವಾಯಿತು. ಇಲ್ಲಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ಸಾಧನದ ನೆರವು ಯಾವ ಹಂತದಲ್ಲಿ ಅವಲಂಬನೆಯಾಗುತ್ತದೆ? ತನ್ನ ಬಾಳನ್ನು ಕುರಿತು ಬರೆಯುವವನು ಅದರ ಅರ್ಥವನ್ನು ಎಲ್ಲಿ ಅರಸುತ್ತಾನೆ? ಈ ಎರಡನ್ನೂ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ಚಿಕ್ಕಬಳ್ಳಾಪುರ ಸೀಮೆಯ ನಾಲ್ಕು ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಿಂತಾಮಣಿ ತಾಲ್ಲೂಕಿನ ಕೈವಾರ, ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿ, ಗೌರಿಬಿದನೂರು ತಾಲ್ಲೂಕಿನ ಹೊಸೂರು ಹಾಗೂ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆಯ ಮನೆಗಳು ಇಲ್ಲಿನ ಆಕರ ನೆಲೆಗಳು.

1. ಅಂಕಿತದಲ್ಲಿ ಕರಗುವ ‘ನಾನು’: ಕೈವಾರ

ಕೈವಾರದ ಯೋಗಿ ನಾರೇಯಣರು, ಅಂದರೆ ಜನರ ಬಾಯಲ್ಲಿ ಕೈವಾರ ತಾತಯ್ಯನವರು, ಬಳೆಗಾರ ಕುಟುಂಬದಿಂದ ಬಂದವರು. ಪರಂಪರೆಯ ಪ್ರಕಾರ ಅವರ ಕಾಲ 1726ರಿಂದ 1836. ಅವರ ರಚನೆಗಳು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಇವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬ ಈ ಗಡಿಸೀಮೆಯ ಇಂದಿನ ವಿದ್ಯಾರ್ಥಿಗಳ ಭಾಷಾಸ್ಥಿತಿಗೆ ಅವರ ದ್ವಿಭಾಷಾ ರಚನೆ ಹತ್ತಿರವಾದುದು.

ತತ್ವಪದವನ್ನು ಆತ್ಮಕಥನವೆಂದು ಕರೆಯುವುದು ರೂಢಿಯಲ್ಲಿಲ್ಲ. ಆದರೂ ಹಾಡುವವನು ತನ್ನ ಮನಸ್ಸನ್ನೇ ಎದುರಿಗೆ ನಿಲ್ಲಿಸಿಕೊಂಡು ವಿಚಾರಿಸುವ ಕ್ರಮ ಅದರಲ್ಲಿದೆ. ಈ ವಿಚಾರಣೆ ಒಬ್ಬನದಾಗಿ ಉಳಿಯುವುದಿಲ್ಲವೆಂಬುದು ಗಮನಾರ್ಹ. ಕೊನೆಯಲ್ಲಿ ಬರುವ ಅಂಕಿತವು ರಚಿಸಿದವನ ಗುರುತು ಹೌದಾದರೂ ಅದು ಆರಾಧ್ಯದೈವದ ಹೆಸರಾಗಿರುತ್ತದೆ. ತಂಬೂರಿ ಹಿಡಿದ ಯಾರೇ ಹಾಡಿದರೂ ಪದದೊಳಗಿನ ‘ನಾನು’ ಆ ಹೊತ್ತಿಗೆ ಹಾಡುವವನೇ ಆಗುತ್ತಾನೆ. ಹೀಗಾಗಿ ಪದದ ಉಳಿವು ಓಲೆಗರಿಯನ್ನಾಗಲಿ ಕಾಗದವನ್ನಾಗಲಿ ಮಾತ್ರ ನಂಬಿಲ್ಲ. ಅದನ್ನು ಕಲಿತ ಇನ್ನೊಬ್ಬನನ್ನು ನಂಬಿದೆ. ಮೌಖಿಕ ಪರಂಪರೆಯೆಂದರೆ ಬರೆಹದ ಅಭಾವವೆಂದು ತಿಳಿಯುವುದುಂಟು. ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸುವ ಹೊಣೆಗಾರಿಕೆಯೆಂದು ತಿಳಿಯುವುದು ಹೆಚ್ಚು ಸೂಕ್ತ.

2. ದುಡಿಮೆಯ ‘ನಾನು’: ಮುದ್ದೇನಹಳ್ಳಿ

ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರ ಇಂಗ್ಲಿಷ್ ನೆನಪುಗಳು 1951ರಲ್ಲಿ ಪ್ರಕಟವಾದವು. ಅದನ್ನು ಅವರು ತಮ್ಮ ಜೀವನದ ನೆನಪುಗಳೆಂದು ಕರೆಯದೆ ‘ದುಡಿಮೆಯ ಜೀವನ’ದ ನೆನಪುಗಳೆಂದು ಕರೆದರು. ಮುಂಬಯಿ ಪ್ರಾಂತದ ಸೇವೆ, 1908ರ ಮಹಾಪೂರದ ನಂತರ ಹೈದರಾಬಾದಿನಲ್ಲಿ ಕೈಗೊಂಡ ಕೆಲಸ, 1912ರಲ್ಲಿ ಆರಂಭವಾದ ಮೈಸೂರಿನ ದಿವಾನಗಿರಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇವೇ ಅಲ್ಲಿನ ಮುಖ್ಯ ಘಟ್ಟಗಳು. ಗೃಹಜೀವನದ ಸುಖದುಃಖಗಳಿಗೆ ಅಲ್ಲಿ ಬಹಳ ಕಡಿಮೆ ಎಡೆ. ಇದನ್ನು ಭಾವದಾರಿದ್ರ್ಯವೆಂದು ಹೇಳುವ ಮುನ್ನ ಬರೆದವರ ನಿಲುವನ್ನು ಅರಿಯಬೇಕು. ಪರರಿಗೆ ಪ್ರಯೋಜನವಾಗುವಂಥ ಕೆಲಸವಷ್ಟೇ ದಾಖಲೆಗೆ ಅರ್ಹವೆಂಬುದು ಆ ಬರೆಹದ ಸ್ವರೂಪದಿಂದಲೇ ಸಿದ್ಧವಾಗುತ್ತದೆ.

ಯಂತ್ರವನ್ನು ಕುರಿತು ಅವರಿಗೆ ಅನುಮಾನಗಳಿರಲಿಲ್ಲ. ಕೈಗಾರಿಕೀಕರಣವಿಲ್ಲದೆ ದೇಶಕ್ಕೆ ಉಳಿವಿಲ್ಲವೆಂದು ಅವರು ದೃಢವಾಗಿ ನಂಬಿದ್ದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಅವರ ಕಲ್ಪನೆ. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ತಾವಾಗಿ ತೆರೆದುಕೊಂಡು, ಮಟ್ಟ ಇಳಿದಾಗ ತಾವಾಗಿ ಮುಚ್ಚಿಕೊಳ್ಳುವಂತೆ ಅವನ್ನು ರೂಪಿಸಲಾಗಿತ್ತು. ಮನುಷ್ಯನ ಕೈಯ ಕೆಲಸವನ್ನು ಯಂತ್ರಕ್ಕೆ ವಹಿಸಿದ ಸ್ಪಷ್ಟ ನಿದರ್ಶನವಿದು. ಆದರೆ ಎಷ್ಟು ನೀರು, ಯಾರಿಗೆ, ಯಾವಾಗ ಎಂಬ ವಿವೇಚನೆಯನ್ನು ಅವರು ಯಂತ್ರಕ್ಕೆ ಬಿಡಲಿಲ್ಲ. ದಖ್ಖನಿನ ಕಾಲುವೆಗಳಲ್ಲಿ ಸರದಿಯ ಮೇಲೆ ನೀರು ಹಂಚಲು ಅವರು ಸೂಚಿಸಿದ ‘ಬ್ಲಾಕ್’ ಪದ್ಧತಿಯೇ ಇದಕ್ಕೆ ಸಾಕ್ಷಿ.

ಈ ಭೇದವು ಅವರ ಹುಟ್ಟೂರಿನ ಸುತ್ತಮುತ್ತ ಇಂದು ಇನ್ನೊಂದು ರೀತಿಯಲ್ಲಿ ಕಾಣುತ್ತದೆ. ಉತ್ತರ ಮತ್ತು ದಕ್ಷಿಣ ಪಿನಾಕಿನಿಗಳು ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದರೂ ವರ್ಷವಿಡೀ ಹರಿಯುವ ನದಿ ಈ ಜಿಲ್ಲೆಯಲ್ಲಿಲ್ಲ. ಬದುಕು ಕೆರೆಗಳನ್ನು ನಂಬಿತ್ತು. ತೂಬನ್ನು ತೆರೆಯುತ್ತಿದ್ದವನು ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕೆಂಬ ಲೆಕ್ಕ ಅವನ ತಲೆಯಲ್ಲಿರುತ್ತಿತ್ತು, ಊರಿನ ಒಪ್ಪಿಗೆಯೂ ಅದಕ್ಕಿರುತ್ತಿತ್ತು. ಒಪ್ಪಿಗೆಯೆಂದ ಮಾತ್ರಕ್ಕೆ ಅದು ಸಮಾನ ಹಂಚಿಕೆಯೆನ್ನಲಾಗದು. ಜಾತಿ ಮತ್ತು ಜಮೀನಿನ ಮೇಲುಕೀಳುಗಳು ಅದರಲ್ಲಿಯೂ ಇದ್ದವು. ಕೊಳವೆಬಾವಿ ಬಂದಮೇಲೆ ನೀರು ಅವರವರ ಹೊಲದ ಸ್ವಂತ ಸಂಗತಿಯಾಯಿತು. ಈಗ ಮನೆಯಲ್ಲಿ ಕುಳಿತೇ ಮೊಬೈಲಿನಿಂದ ಪಂಪನ್ನು ಚಾಲೂ ಮಾಡಬಹುದು. ರೈತನ ನಡುರಾತ್ರಿಯ ನಡಿಗೆ ತಪ್ಪಿರುವುದು ಸಣ್ಣ ಉಪಕಾರವಲ್ಲ. ಆದರೆ ಸಾವಿರ ಅಡಿಗೂ ಆಳಕ್ಕೆ ಇಳಿದ ಕೊಳವೆಗಳು ಬತ್ತಿದಾಗ, ಫ್ಲೋರೈಡ್ ಬೆರೆತ ನೀರು ಮೇಲೆ ಬಂದಾಗ, ಇರುವ ನೀರಿನ ಅಳತೆಯನ್ನು ಕೂಡಿ ಕುಳಿತು ನಿರ್ಣಯಿಸುವ ವ್ಯವಸ್ಥೆ ಊರಿನಲ್ಲಿ ಉಳಿದಿರಲಿಲ್ಲ. ನೆರವು ಅವಲಂಬನೆಯಾಗಿ ತಿರುಗುವ ಹಂತ ಇದೇ ಎಂದು ನನ್ನ ತಿಳಿವಳಿಕೆ. ಕೈಯ ಶ್ರಮವನ್ನು ಸಾಧನಕ್ಕೆ ಕೊಟ್ಟಾಗ ನಾವು ಕಳೆದುಕೊಳ್ಳುವುದು ಅಷ್ಟಾಗಿಲ್ಲ. ಅಳತೆಯ ವಿವೇಚನೆಯನ್ನೂ ಅದರೊಡನೆ ಕೊಟ್ಟಾಗ ಮರಳಿ ಪಡೆಯುವುದು ಕಷ್ಟ.

3. ಪ್ರಶ್ನಿಸುವ ‘ನಾನು’: ಹೊಸೂರು

ಮೂರನೆಯ ನಿದರ್ಶನ ಡಾ. ಎಚ್. ನರಸಿಂಹಯ್ಯನವರದು. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು 1935ರಲ್ಲಿ ಓದು ಮುಂದುವರಿಸಲು ಬೆಂಗಳೂರಿಗೆ ಬಂದದ್ದು ಕಾಲ್ನಡಿಗೆಯಲ್ಲಿ. ದೂರ ಸುಮಾರು 80 ಕಿ.ಮೀ. 1942ರ ಚಳವಳಿಯಲ್ಲಿ ಸೆರೆವಾಸ ಅನುಭವಿಸಿದರು. ಭೌತವಿಜ್ಞಾನದ ಅಧ್ಯಾಪಕರಾಗಿ, ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ದುಡಿದು 2005ರಲ್ಲಿ ನಿಧನರಾದರು. ಅವಿವಾಹಿತರಾಗಿ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿಯೇ ಬಾಳಿದ ಅವರ ಸರಳತೆ ಪ್ರಸಿದ್ಧವಾದುದು. ‘ಹೋರಾಟದ ಹಾದಿ’ ಅವರ ಆತ್ಮಕಥನ.

ವಿಜ್ಞಾನ ಮತ್ತು ತಂತ್ರಜ್ಞಾನಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ನಮ್ಮ ವಾಡಿಕೆ. ನರಸಿಂಹಯ್ಯನವರ ಬದುಕು ಇವೆರಡನ್ನು ಬೇರ್ಪಡಿಸಿ ನೋಡಲು ಕಲಿಸುತ್ತದೆ. ಅವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಸ್ಥಾಪಿಸಿದರು. ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡ ಮತ್ತು ಮೂಢನಂಬಿಕೆಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದರು. ಎರಡರಲ್ಲಿಯೂ ಅವರಿಗೆ ಮುಖ್ಯವಾದುದು ಉಪಕರಣಕ್ಕಿಂತ ಪ್ರಶ್ನೆ. ಉಪಕರಣವನ್ನು ಬಳಸುತ್ತಲೇ ಅದನ್ನು ಪ್ರಶ್ನಿಸದೆ ನಂಬುವವನಲ್ಲಿ ತಂತ್ರಜ್ಞಾನವಿದ್ದರೂ ವೈಜ್ಞಾನಿಕ ಮನೋಭಾವವಿಲ್ಲ. ಮೊಬೈಲ್ ತೋರಿಸಿದ್ದೇ ಸತ್ಯವೆನ್ನುವ ಇಂದಿನ ನಮ್ಮ ನಂಬಿಕೆಯೂ ಪರಿಶೀಲನೆಗೆ ಒಳಗಾಗಬೇಕಾದ ನಂಬಿಕೆಯೇ.

ವಿಶ್ವೇಶ್ವರಯ್ಯನವರ ‘ನಾನು’ ಕೆಲಸದ ಹಿಂದೆ ಮರೆಯಾದರೆ, ನರಸಿಂಹಯ್ಯನವರ ‘ನಾನು’ ಸಂಘರ್ಷದ ನಡುವೆ ಬಯಲಿನಲ್ಲಿಯೇ ನಿಲ್ಲುತ್ತದೆ. ಧೋರಣೆಗಳು ಭಿನ್ನವಾದರೂ ಇಬ್ಬರ ಬರೆಹವೂ ಒಳಗಿನ ಏಕಾಂತದಲ್ಲಿ ನಿಲ್ಲದೆ ಸಾರ್ವಜನಿಕವಾಗಿ ಉತ್ತರ ಹೇಳಿಕೊಳ್ಳುವ ಜವಾಬ್ದಾರಿಯನ್ನು ಹೊತ್ತಿದೆ. ದಿನಕ್ಕೆ ಹತ್ತು ಸಲ ತನ್ನ ಮನಃಸ್ಥಿತಿಯನ್ನು ಜಗತ್ತಿಗೆ ತಿಳಿಸುವ ಇಂದಿನ ಸ್ವಕಥನಕ್ಕೆ ಓದುಗರ ಕೊರತೆಯಿಲ್ಲ. ಉತ್ತರ ಹೇಳಬೇಕಾದ ಎದುರಾಳು ಮಾತ್ರ ಅಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ.

4. ಬರೆಯದವರ ಆತ್ಮಕಥನ: ಶಿಡ್ಲಘಟ್ಟ

ಮೇಲಿನ ಮೂವರೂ ಹೆಸರುಳ್ಳವರು. ಹೆಸರು ಉಳಿಯದವರ ಬಾಳಿನ ಅರ್ಥವನ್ನು ಎಲ್ಲಿ ಓದಬೇಕು? ರಾಮನಗರದಂತೆ ದೊಡ್ಡ ರೇಷ್ಮೆಗೂಡಿನ ಮಾರುಕಟ್ಟೆಯುಳ್ಳ ಶಿಡ್ಲಘಟ್ಟ ಈ ಪ್ರಶ್ನೆಯನ್ನು ಮುಂದಿಡುತ್ತದೆ.

ಚರಕದಲ್ಲಿ ನೂಲು ತೆಗೆಯುವಾಗ ಒಬ್ಬರು ರಾಟೆ ತಿರುಗಿಸುತ್ತಾರೆ, ಇನ್ನೊಬ್ಬರು ಕುದಿನೀರಿನ ಬಾನಿಯ ಮುಂದೆ ಕುಳಿತು ಗೂಡುಗಳ ಎಳೆಗಳನ್ನು ಕೂಡಿಸುತ್ತಾರೆ. ಒಂದು ಗೂಡಿನ ಎಳೆ ನೂರಾರು ಮೀಟರ್ ಉದ್ದ, ಆದರೆ ಒಂಟಿಯಾಗಿ ಬಳಸಲಾಗದಷ್ಟು ಸಣ್ಣದು. ಹಲವು ಎಳೆಗಳು ಕೂಡಿದರೆ ಮಾತ್ರ ನೂಲು. ನಡುವೆ ಒಂದು ಎಳೆ ಕಡಿದರೆ ನೂಲು ತೆಳುವಾಗುತ್ತದೆ. ಅದನ್ನು ಕಣ್ಣು ಮತ್ತು ಬೆರಳುಗಳಿಂದಲೇ ಅರಿತು ಕ್ಷಣದಲ್ಲಿ ಹೊಸ ಎಳೆ ಕೊಡಬೇಕು. ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರದಲ್ಲಿ ಈ ಅರಿವು ನೂಲಿನ ದಪ್ಪವನ್ನು ಅಳೆಯುವ ಸಾಧನದ್ದು. ನೂಲು ತೆಳುವಾದೊಡನೆ ಯಂತ್ರವೇ ಹೊಸ ಗೂಡನ್ನು ಒದಗಿಸುತ್ತದೆ.

ಈ ಬದಲಾವಣೆಗಾಗಿ ಸುಮ್ಮನೆ ಮರುಗುವುದು ನೂಲು ತೆಗೆಯದವರ ಭಾವುಕತೆ. ಬಿಸಿನೀರಿನಲ್ಲಿ ದಿನವಿಡೀ ಅದ್ದಿದ ಕೈಗಳ ಚರ್ಮ ಸುಲಿಯುವುದನ್ನು ನಾನು ಕಂಡಿದ್ದೇನೆ. ಹೊಗೆ, ಹಬೆ ಮತ್ತು ಸತ್ತ ಹುಳುವಿನ ನಾತದ ನಡುವೆ ದುಡಿದ ಹೆಣ್ಣುಮಕ್ಕಳಿಗೆ ಯಂತ್ರವು ಬಿಡುಗಡೆಯಾಗಿ ಕಂಡರೆ ಅದು ಸಹಜ. ಒಮ್ಮೆ ಹಿರಿಯ ಹೆಂಗಸೊಬ್ಬರನ್ನು ಈ ಕೆಲಸದಲ್ಲಿ ಏನು ಉಳಿಯಿತೆಂದು ಕೇಳಿದೆ. ಮಗಳಿಗೆ ಇದನ್ನು ಕಲಿಸಲಿಲ್ಲ, ಅದೇ ಉಳಿದದ್ದು ಎಂದರು. ಕಲಿಸುವುದರಲ್ಲಿಯೇ ಅರ್ಥವಿದೆಯೆಂದು ಕೈವಾರದ ಪರಂಪರೆಯಿಂದ ನಾನು ತಿಳಿದುಕೊಂಡಿದ್ದೆ. ಇಲ್ಲಿ ಕಲಿಸದೆ ಇರುವುದೇ ಅವರ ಬಾಳಿನ ಅರ್ಥವಾಗಿತ್ತು. ಎರಡು ಮಾತುಗಳು ವಿರುದ್ಧವೆಂದು ತೋರಿದರೂ ಮೂಲದಲ್ಲಿ ಒಂದೇ. ಎರಡೂ ಕಡೆ ಬಾಳನ್ನು ಅಳೆದುಕೊಂಡಿರುವುದು ಮುಂದಿನವರನ್ನು ನೆನೆದು.

5. ಬೋಧನೆಗೆ ಸಂಬಂಧಿಸಿದ ಕೆಲವು ವಿಚಾರಗಳು

ಈ ನಿದರ್ಶನಗಳಿಂದ ಕನ್ನಡ ಅಧ್ಯಾಪಕರಿಗೆ ಆಗುವ ಪ್ರಯೋಜನವೇನು? ನಮ್ಮ ತರಗತಿಯ ವಿದ್ಯಾರ್ಥಿಗಳು ಬರೆಯುವುದಿಲ್ಲವೆಂಬ ದೂರು ಪೂರ್ಣ ನಿಜವಲ್ಲ. ಅವರು ಬೆರಳತುದಿಯಲ್ಲಿ ದಿನವಿಡೀ ಬರೆಯುತ್ತಾರೆ. ಮನೆಯ ತೆಲುಗನ್ನೂ ಕಾಲೇಜಿನ ಕನ್ನಡವನ್ನೂ ರೋಮನ್ ಅಕ್ಷರಗಳಲ್ಲಿ ಬೆರೆಸುತ್ತಾರೆ. ಈಗ ನಿಯೋಜಿತ ಪ್ರಬಂಧವನ್ನು ಕ್ಷಣದಲ್ಲಿ ಸಿದ್ಧಪಡಿಸಿಕೊಡುವ ಯಂತ್ರಗಳೂ ಅವರ ಕೈಯಲ್ಲಿವೆ. ಅಂಥ ಪ್ರಬಂಧಗಳಲ್ಲಿ ತಪ್ಪುಗಳು ಕಡಿಮೆ. ಆದರೆ ಬರೆದವನನ್ನು ಹೆಸರು ಹಿಡಿದು ಪ್ರಶ್ನಿಸಿದರೆ ಉತ್ತರಿಸುವವರಿಲ್ಲ. ಅಳತೆಯ ವಿವೇಚನೆ ಇಲ್ಲಿಯೂ ಕೈಬಿಟ್ಟಿದೆ.

ಇದಕ್ಕೆ ನಿಷೇಧ ಮದ್ದಲ್ಲ. ಸ್ನಾತಕ ತರಗತಿಯಲ್ಲಿ ನಾನು ಮಾಡಿ ನೋಡಿದ ಒಂದು ಕ್ರಮವನ್ನು ಇಲ್ಲಿ ನಿವೇದಿಸುತ್ತೇನೆ. ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಊರಿನ ಒಬ್ಬರ ದುಡಿಮೆಯನ್ನು ಕುರಿತು ಎರಡು ಪುಟ ಬರೆಯಬೇಕು. ಬರೆದುದನ್ನು ಆ ವ್ಯಕ್ತಿಯ ಎದುರಿಗೆ ಓದಿ, ಅವರು ತಿದ್ದಿದುದನ್ನು ಗುರುತು ಹಾಕಿಕೊಂಡು ಬರಬೇಕು. ತಿದ್ದುಪಡಿಗಳೇ ಅತ್ಯಂತ ಬೆಲೆಯುಳ್ಳ ಭಾಗವೆಂಬುದು ನನ್ನ ಅನುಭವ. ತೂಬಿನ ಭಾಗಗಳ ಹೆಸರು, ಗೂಡಿನ ತರಗಳ ಹೆಸರು ಮುಂತಾಗಿ ನಿಘಂಟಿನಲ್ಲಿ ಹುಡುಕಿದರೂ ಸಿಗದ ಮಾತುಗಳು ಹೀಗೆ ದೊರೆತಿವೆ. ಓದಿ ಕೇಳಿಸಬೇಕಾದ ವ್ಯಕ್ತಿ ಎದುರಿಗಿದ್ದಾನೆಂದು ತಿಳಿದಾಗ ವಿದ್ಯಾರ್ಥಿಯ ವಾಕ್ಯವೂ ಎಚ್ಚರಗೊಳ್ಳುತ್ತದೆ.

ಉಪಸಂಹಾರ

ಕಡತಗಳು ಹಾಳಾದ ಮೇಲೆ ಅಟ್ಟದಿಂದ ನೋಟ್‌ಪುಸ್ತಕವನ್ನು ಇಳಿಸಿದೆ. ಮಳೆನೀರು ಇಳಿದು ಕೆಲವು ಪುಟಗಳಲ್ಲಿ ಶಾಯಿ ಹರಡಿತ್ತು. ಒಂದು ಪದದ ನಡುವಿನ ನುಡಿ ಪೂರ್ತಿಯಾಗಿ ಅಳಿಸಿಹೋಗಿತ್ತು. ಯಂತ್ರ ಕೈಬಿಟ್ಟಂತೆ ಕಾಗದವೂ ಕೈಬಿಡಬಲ್ಲದೆಂದು ಅಂದು ಒಪ್ಪಿಕೊಳ್ಳಬೇಕಾಯಿತು. ಆ ಪದವನ್ನು ನನಗೆ ಹೇಳಿಕೊಟ್ಟಿದ್ದ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಬಳಿ ಕಲಿತಿದ್ದ ಆಟೋರಿಕ್ಷಾ ಚಾಲಕರೊಬ್ಬರು ಚಿಂತಾಮಣಿಯ ಬಸ್ ನಿಲ್ದಾಣದ ಬಳಿ, ತಂಬೂರಿಯಿಲ್ಲದೆಯೇ, ಕಳೆದುಹೋದ ನುಡಿಯನ್ನು ಹಾಡಿ ಬರೆಸಿದರು. ತಮ್ಮ ಭಜನಾ ಗುಂಪಿನವರಿಗೆ ಕಲಿಸಲೆಂದು ಅದನ್ನು ಮೊಬೈಲಿನಲ್ಲಿಯೂ ಮುದ್ರಿಸಿಟ್ಟುಕೊಂಡಿದ್ದರು.

ಒಟ್ಟಾರೆ, ಸಾಧನವು ಓಲೆಗರಿಯಾಗಲಿ, ಕಾಗದವಾಗಲಿ, ಮೊಬೈಲಾಗಲಿ, ಅದರ ಮೇಲಿನ ನಂಬಿಕೆಗೆ ಒಂದು ಮಿತಿಯಿದೆ. ಬಾಳಿನ ಅರ್ಥವನ್ನು ಅದರಲ್ಲಿ ಕೂಡಿಟ್ಟವನಿಗೆ ಅದು ಒಂದು ದಿನ ಬರಿಯ ಚಿಹ್ನೆಗಳಾಗಿ ಕಾಣಬಹುದು. ಇನ್ನೊಬ್ಬರಿಗೆ ದಾಟಿಸುವುದಕ್ಕಾಗಿ ಬಳಸಿದವನಿಗೆ ಅದು ಉಪಕಾರಿ. ನನ್ನ ದಿನಚರಿ ಹೋಯಿತು, ಏಕೆಂದರೆ ಅದನ್ನು ನಾನು ಯಾರಿಗೂ ಓದಿ ಹೇಳಿರಲಿಲ್ಲ. ಆ ಪದ ಉಳಿಯಿತು. ಹಾಗಾಗಿ ಈಗ ನಾನು ಬರೆದ ಪ್ರತಿಯೊಂದನ್ನೂ ಮೊದಲು ಯಾರಿಗಾದರೂ ಓದಿ ಹೇಳುತ್ತೇನೆ. ಈ ಲೇಖನದ ಕರಡನ್ನು ಮೊದಲು ಕೇಳಿದವರು ಆ ಚಾಲಕರೇ, ಅವರು ಎರಡು ಕಡೆ ತಿದ್ದಿದ್ದಾರೆ.