ಆಲ್ಟರ್ನೇಟರ್ ಕೊಳ್ಳೋ ಮುಂಚೆ ಒಂದು ಲೆಕ್ಕ

ಕಾರಿಗೆ 1000 ವಾಟ್ ಆರ್‌ಎಂಎಸ್ ಆಂಪ್ಲಿಫೈಯರ್ ಹಾಕಿಸ್ತೀರಾ? ದಕ್ಷತೆ ಶೇ. 80 ಅಂತ ಹಿಡಿದರೆ ಪೂರ್ಣ ಸದ್ದಿಗೆ 1250 ವಾಟ್ ಬೇಕು. 14 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 90 ಆಂಪಿಯರ್. ಹಾಡಿನ ಸದ್ದು ಏರಿಳಿಯುವುದರಿಂದ ಸರಾಸರಿ 30 ಎಂದಿಟ್ಟುಕೊಳ್ಳಿ. ಹೆಡ್‌ಲೈಟ್, ಎಸಿ, ಇಂಜಿನ್‌ಗೆ 40 ಸೇರಿಸಿದರೆ ಒಟ್ಟು 70.

"90 ಆಂಪಿಯರ್‌ನದು ಇದೆ, ಸಾಕು" ಅನ್ನಬೇಡಿ. ಸಾಮಾನ್ಯವಾಗಿ ಆ ಅಂಕಿ ಆಲ್ಟರ್ನೇಟರ್ ನಿಮಿಷಕ್ಕೆ 6000 ಸುತ್ತು ತಿರುಗುವಾಗಿನದು. ಮಾಕಳಿ ಹತ್ತಿರ ತುಮಕೂರು ರಸ್ತೆ ಟ್ರಾಫಿಕ್‌ನಲ್ಲಿ ಐಡ್ಲಿಂಗಲ್ಲಿ ನಿಂತರೆ ಅದರ ಅರ್ಧ ಬಂದರೂ ಹೆಚ್ಚೇ. ಕೊರತೆಯನ್ನ ಬ್ಯಾಟರಿ ತುಂಬುತ್ತೆ. ಅದೂ ಖಾಲಿಯಾದರೆ ರಾತ್ರಿ ನಡುರಸ್ತೆಲಿ ಗಾಡಿ ನಿಲ್ಲುತ್ತೆ.

ಆದ್ದರಿಂದ ಐಡ್ಲಿಂಗಲ್ಲಿ ಎಷ್ಟು ಆಂಪಿಯರ್ ಬರುತ್ತೆ ಅಂತ ಕೇಳಿ ಕೊಳ್ಳಿ. ಬ್ಯಾಟರಿಗೆ ಹೋಗುವ ವೈರ್, ಅರ್ಥಿಂಗ್ ವೈರ್ ಎರಡನ್ನೂ ದಪ್ಪ ಮಾಡಿಸಿ. ಆಮೇಲೆ ಐಡ್ಲಿಂಗಲ್ಲೇ ಹಾಡು ಹಾಕಿ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿಯಿರಿ: 12.6 ವೋಲ್ಟ್‌ಗಿಂತ ಕೆಳಗಿಳಿದರೆ ನೀವು ಬ್ಯಾಟರಿ ಕರಗಿಸ್ತಿದ್ದೀರಿ ಅಂತಲೇ ಅರ್ಥ.