ಪರೀಕ್ಷೆ, ರಂಜಾನ್ ಮತ್ತು ನಿದ್ದೆಯ ಲೆಕ್ಕ



"ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಎಂಬ ಗಾದೆಯನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ಪರೀಕ್ಷೆ ಹತ್ತಿರ ಬಂದಾಗ ಅದು ತಿರುವುಮುರುವಾಗುತ್ತದೆ. ಮನೆ ನಿಶ್ಶಬ್ದವಾಗಿದ್ದರೂ ನಿದ್ದೆ ಹತ್ತುವುದಿಲ್ಲ. ನಮ್ಮ ಕಾಮರ್ಸ್ ತರಗತಿಯಲ್ಲಿ ಈಗ "ನಿನ್ನೆ ಎಷ್ಟು ಗಂಟೆಗೆ ಮಲಗಿದೆ?" ಎಂಬುದೇ ಮೊದಲ ಪ್ರಶ್ನೆ. ರಾತ್ರಿ ಎರಡು ಗಂಟೆ ಎಂದವರಿಗೆ ಗೌರವ ಹೆಚ್ಚು. ಆ ಗೌರವ ಸರಿಯೇ ಎಂದು ಲೆಕ್ಕ ಹಾಕಿ ನೋಡೋಣ.

ಟೆನ್ಷನ್ ಏಕೆ ನಿದ್ದೆ ಕೆಡಿಸುತ್ತದೆ?

ನಮ್ಮ ಮನೆಯಲ್ಲಿ ಹಿರಿಯರು "ಟೆನ್ಷನ್ ನಕ್ಕೋ ಲೇ ಬೇಟಾ" ಎನ್ನುತ್ತಾರೆ. ಅವರದು ಪ್ರೀತಿಯ ಮಾತು. ಆದರೆ ದೇಹ ಅಷ್ಟು ಸುಲಭವಾಗಿ ಮಾತು ಕೇಳುವುದಿಲ್ಲ. ಭಯವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಎದೆಬಡಿತ ಏರುತ್ತದೆ, ಮೆದುಳು ಎಚ್ಚರವಾಗಿರುತ್ತದೆ. ಅಪಾಯ ಬಂದಾಗ ಇದು ಉಪಯುಕ್ತ, ಮಲಗುವಾಗ ಅಲ್ಲ. ನಿದ್ದೆ ಕೆಟ್ಟ ಮರುದಿನ ಸಣ್ಣ ವಿಷಯವೂ ದೊಡ್ಡದಾಗಿ ಕಾಣುತ್ತದೆ. ಚಿಂತೆ ಇನ್ನಷ್ಟು ಬೆಳೆಯುತ್ತದೆ. ಚಕ್ರಬಡ್ಡಿಯಂತೆ ಬಡ್ಡಿಗೆ ಬಡ್ಡಿ ಸೇರುತ್ತಾ ಹೋಗುತ್ತದೆ.

ನಿದ್ದೆಯಲ್ಲಿ ಆಗುವ ಕೆಲಸ

ನಿದ್ದೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಅದರಲ್ಲಿ ಗಾಢ ನಿದ್ದೆಯೂ ಇದೆ, ಕನಸಿನ ನಿದ್ದೆಯೂ ಇದೆ. ಹಗಲು ಕಲಿತದ್ದನ್ನು ಮೆದುಳು ಗಟ್ಟಿ ಮಾಡಿಕೊಳ್ಳುವುದು ಈ ಹೊತ್ತಿನಲ್ಲಿ. 1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿದರು. ಅಷ್ಟೇ ಹೊತ್ತು ಎಚ್ಚರವಿದ್ದಾಗಿಗಿಂತ ನಿದ್ದೆ ಮಾಡಿ ಎದ್ದಾಗ ಅವರಿಗೆ ಹೆಚ್ಚು ನೆನಪಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಓದುವುದು ಜರ್ನಲ್ ಬರೆದಂತೆ, ನಿದ್ದೆ ಲೆಡ್ಜರ್‌ಗೆ ಪೋಸ್ಟ್ ಮಾಡಿದಂತೆ. ಪೋಸ್ಟ್ ಮಾಡದಿದ್ದರೆ ಟ್ರಯಲ್ ಬ್ಯಾಲೆನ್ಸ್ ಹೇಗೆ ತಾಳೆಯಾಗುತ್ತದೆ?

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ತಜ್ಞರು ಹೇಳುತ್ತಾರೆ. ಈ ವಯಸ್ಸಿನಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಆದ್ದರಿಂದ ಬೆಳಿಗ್ಗೆ ತೂಕಡಿಸುವುದೆಲ್ಲ ಸೋಮಾರಿತನವಲ್ಲ ಎಂದು ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.

ರಂಜಾನ್ ತಿಂಗಳಲ್ಲಿ

ಇತ್ತೀಚಿನ ವರ್ಷಗಳಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮತ್ತು ರಂಜಾನ್ ಒಟ್ಟಿಗೆ ಬರುತ್ತಿವೆ. ತರಾವೀಹ್ ಮುಗಿಸಿ 10:30ಕ್ಕೆ ಮಲಗಿ 4:30ಕ್ಕೆ ಸಹರಿಗೆ ಎದ್ದರೆ 6 ಗಂಟೆ. ಫಜರ್ ನಮಾಜಿನ ನಂತರ 1 ಗಂಟೆ, ಪರೀಕ್ಷೆ ಮುಗಿಸಿ ಬಂದ ಮೇಲೆ ಅರ್ಧ ಗಂಟೆ ಕೈಲೂಲಾ ಸೇರಿಸಿದರೆ ಏಳೂವರೆ. ಎಂಟಕ್ಕೆ ಹತ್ತಿರ! ತರಾವೀಹ್ ನಂತರ ಮೊಬೈಲ್ ಹಿಡಿದು ಒಂದು ಗಂಟೆಯವರೆಗೆ ಕುಳಿತರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಅಡುಗೆಗಾಗಿ ಅಮ್ಮಿ ನಮಗಿಂತ ಒಂದು ಗಂಟೆ ಮೊದಲೇ ಏಳುತ್ತಾರೆ. ಅವರ ನಿದ್ದೆಯ ಲೆಕ್ಕವನ್ನೂ ಒಮ್ಮೆ ಹಾಕಿ, ಪಾತ್ರೆ ತೊಳೆಯಲು ಕೈಜೋಡಿಸಿ.

ಏನು ಮಾಡಬಹುದು?

1. ಚಹಾದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ರಾತ್ರಿ ಹತ್ತರ ಚಹಾ ಬಿಟ್ಟುಬಿಡಿ.

2. ಮಲಗುವ ಮುನ್ನ 5 ನಿಮಿಷ ನಾಳೆಯ ಕೆಲಸಗಳನ್ನು ಚೀಟಿಯಲ್ಲಿ ಬರೆಯಿರಿ. ಹೀಗೆ ಬರೆದವರು ಬೇಗ ನಿದ್ದೆ ಹೋದರೆಂದು 2018ರ ಒಂದು ಅಧ್ಯಯನ ತೋರಿಸಿದೆ. ನಾನು ಇದನ್ನು ಅರ್ಧವಾರ್ಷಿಕ ಪರೀಕ್ಷೆಯಿಂದ ಮಾಡುತ್ತಿದ್ದೇನೆ. ಚೀಟಿಗೆ ಹೋದ ಚಿಂತೆ ತಲೆಯಲ್ಲಿ ಅಷ್ಟಾಗಿ ಸುತ್ತುವುದಿಲ್ಲ.

3. ಹಾಸಿಗೆ ನಿದ್ದೆಗೆ ಮಾತ್ರ ಇರಲಿ. ನಮ್ಮಂತೆ ಹಾಲ್‌ನಲ್ಲೇ ಓದಿ ಅಲ್ಲೇ ಮಲಗುವವರು ಹಗಲು ಹಾಸಿಗೆ ಸುತ್ತಿಟ್ಟರೆ ಸಾಕು.

4. 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಕುಳಿತು, ನಿದ್ದೆ ಬಂದಾಗ ಮತ್ತೆ ಮಲಗಿ.

ಇದಕ್ಕೂ ಮೀರಿದರೆ

ಎರಡು ವಾರ ಬಿಡದೆ ಬೇಸರ, ಊಟ ಸೇರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಕಂಡರೆ ಅದು ಬರೀ ಪರೀಕ್ಷೆಯ ಟೆನ್ಷನ್ ಅಲ್ಲದಿರಬಹುದು. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬಾರದು, ಆ ದಿನವೇ ಹೇಳಬೇಕು. ಜ್ವರಕ್ಕೆ ಡಾಕ್ಟರ ಬಳಿ ಹೋದವರನ್ನು ಯಾರೂ ನಗುವುದಿಲ್ಲ. ಮನಸ್ಸಿಗಾಗಿ ಹೋದವರನ್ನು "ಪಾಗಲ್" ಎನ್ನುವುದನ್ನು ಮೊದಲು ನಾವೇ ನಿಲ್ಲಿಸಬೇಕು. ಮನೆಯವರಿಗೆ ಹೇಳಿ, ನಂಬಿಕೆಯ ಉಪನ್ಯಾಸಕರಿಗೆ ಹೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ನಿಮ್ಮ ಬೆಂಚಿನ ಗೆಳೆಯನೋ ಗೆಳತಿಯೋ ಮಂಕಾಗಿದ್ದರೆ "ಎಷ್ಟು ಓದಿದೆ?" ಎನ್ನುವ ಮೊದಲು "ನಿದ್ದೆ ಬಂತಾ?" ಎಂದು ಕೇಳಿ. ಎಲ್ಲರಿಗೂ ಪರೀಕ್ಷೆಯ ಶುಭಾಶಯಗಳು.